ಮಡಿಲು ತುಂಬದ ಜೋಗುಳ

ನಮ್ಮವ್ವ ಚಿಕ್ಕತಾಯಮ್ಮನ ಸೋಬಾನೆ ಪದವನ್ನು ರೆಕಾರ್ಡಿಂಗ್ ಕಂಪನಿಯವರು ತೆಗೆದುಕೊಂಡು ಹೋದರು. ದೊಡ್ಡಮನೆ ನಂಜರಾಜಯ್ಯನವರು ಅವಳನ್ನು ತಮ್ಮ ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿ ಹಾಡಿಸಿದರು. ರೆಕಾರ್ಡಿನ ಮೇಲೆ ನಂಜರಾಜಯ್ಯನವರ ಹೆಸರು ಅಚ್ಚಾಗಿದೆ. ಆಮೇಲೆ ಬಂದ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಚಪ್ಪರದಡಿ ಕೇರಿಯ ಹೆಂಗಸರೆಲ್ಲ ಬಾಯಿ ತೆರೆದರು, ತುಟಿ ಆಡಿಸಿದರು. ಬಳೆ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ನಮ್ಮ ಊರಿನಲ್ಲಿ ಮಿಷನ್ನು ಹಿಡಿದ ದನಿ ಊರಿನಲ್ಲಿ ಉಳಿಯುವುದಿಲ್ಲ. ಒಬ್ಬರದಾದರೆ ಒಬ್ಬರಿಂದ ಹೋಗುತ್ತದೆ, ಹತ್ತು ಜನರದಾದರೆ ಹತ್ತೂ ಜನರಿಂದ. ಹೋದ ದನಿಯ ರೆಕಾರ್ಡನ್ನು ತಂದು ಇಲ್ಲಿ ಹಾಕಿದರೆ ಮುಳ್ಳು ಕೆರೆಯುವುದಷ್ಟೇ ಕೇಳಿಸುತ್ತದೆ. ಹಿಡಿದ ಟೇಪಿನ ಮೇಲೆಯೇ ಇನ್ನೊಂದನ್ನು ಹಿಡಿದರೆ ಮಾತ್ರ ಅಡಿಯಲ್ಲಿದ್ದದ್ದು ವಾಪಸ್ ಬರುತ್ತದೆ. ಸ್ಕೂಲಿನ ಗಂಟೆ ಹಾಗೆಯೇ ಒಮ್ಮೆ ಹೋಗಿ, ಯಾರದೋ ಭಾಷಣ ಅದರ ಮೇಲೆ ಕೂತು, ತಿರುಗಿ ಬಂದಿತ್ತು. ಅಕ್ಕಿ ಗಿರಣಿಯ ಕೂಗು ಬರಲೇ ಇಲ್ಲ. ಗಿರಣಿಯವರು ಚಿಮಣಿಗೆ ಕೆಂಪು ಬಟ್ಟೆ ಏರಿಸುತ್ತಾರೆ, ನಾವು ಕತ್ತೆತ್ತಿ ನೋಡಿ ಬುತ್ತಿ ಬಿಚ್ಚುತ್ತೇವೆ. ಇದರಿಂದ ಕೆಲವರಿಗೆ ಒಳ್ಳೆಯದೂ ಆಗಿದೆ, ಇಲ್ಲವೆನ್ನಲಾರೆ. ಮೈಕಿನ ಮುಂದೆ ಒಂದೇ ಒಂದು ಸಲ ಕೆಮ್ಮಿಬಿಟ್ಟರೆ ಜನ್ಮಕ್ಕಾಗುವಷ್ಟು ಕೆಮ್ಮು ಕಂಪನಿಯ ಪಾಲು. ಸಂಗೀತ ಸಭಾದಲ್ಲಿ ರೆಕಾರ್ಡಿಂಗ್ ಎಂದರೆ ಗೂರಲಿನವರು ಮುಂದಿನ ಸಾಲಿಗೆ ನುಗ್ಗುತ್ತಿದ್ದರು. ಸೋಡಾ ಅಂಗಡಿಯ ಪಾರ್ವತಮ್ಮ ತನ್ನ ಗಂಡನಿಗೆ ಎರಡು ಮುದ್ದೆ ಜಾಸ್ತಿ ಇಕ್ಕಿ ಕರೆತಂದು, ಮೈಕಿನ ಬುಡದಲ್ಲಿ ತೂಕಡಿಸಲು ಬಿಟ್ಟು, ಗೊರಕೆ ಕಳೆದುಕೊಂಡು ಸುಖವಾಗಿ ಮನೆಗೆ ಹೋದಳು. ಆ ವರ್ಷದ ರೆಕಾರ್ಡನ್ನು ಪರಊರಿನವರು ಹೇಗೆ ಕೇಳಿದರೋ. ಅದಾದ ಮೇಲೆಯೇ ಸಭಾದವರು ನೀರಿನ ಕಟ್ಟಳೆ ತಂದದ್ದು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದರೆ ಸಭಾದ ಹಾಲಿನೊಳಗಿರುವವರೆಲ್ಲ ಬಾಯಿ ತುಂಬ ನೀರು ಹಿಡಿದುಕೊಂಡು ಕೂರಬೇಕು, ದೀಪ ಆರಿದ ಮೇಲೆ ನುಂಗಬೇಕು.

ಸಭಾದ ವಾದ್ಯವೃಂದ ದೊಡ್ಡದು. ಪಿಟೀಲುಗಳೇ ಎರಡು ಸಾಲು, ಸೆಲ್ಲೋ, ಕೊಳಲು, ಕ್ಲಾರಿನೆಟ್, ಹಿತ್ತಾಳೆಯ ತುತ್ತೂರಿಗಳು, ಹಿಂದೆ ಮೃದಂಗ ತಬಲಾ. ವರ್ಷಕ್ಕೊಮ್ಮೆ ಕಂಪನಿಯವರು ಬಂದು ಅವರ ಕಛೇರಿಯನ್ನು ಹಿಡಿದುಕೊಂಡು ಹೋಗುತ್ತಾರೆ. ವಾದ್ಯದ ದನಿ ಹೋಗುವುದಿಲ್ಲ, ನುಡಿದ ಧಾಟಿ ಹೋಗುತ್ತದೆ. ಅದೇಕೆ ಹಾಗೆ ಎಂದು ನನ್ನನ್ನು ಕೇಳಬೇಡಿ. ಅದಕ್ಕಾಗಿ ವಾದ್ಯವೃಂದದ ಯಜಮಾನಿಕೆಯ ಶ್ಯಾಮಣ್ಣ ಮೇಷ್ಟ್ರು ಪ್ರತಿ ವರ್ಷ ಹೊಸದೊಂದು ಧಾಟಿ ಕಟ್ಟುತ್ತಿದ್ದರು. ಕಟ್ಟಿ, ತಿಂಗಳುಗಟ್ಟಲೆ ಸಾಕಿ, ಒಂದು ಮಧ್ಯಾಹ್ನ ಕಳಿಸಿಕೊಡುತ್ತಿದ್ದರು. ಹೆಣ್ಣು ಕಳಿಸಿದ ಹಾಗೆ. ಮಾತಿಗೆ ಹೇಳಿದ್ದಲ್ಲ ಇದು, ಕಛೇರಿಗೆ ಬಂದ ಹೆಂಗಸರು ನಿಜವಾಗಿಯೂ ಆ ಧಾಟಿಗೆ ಮಡಿಲು ತುಂಬುತ್ತಾರೆ. ಪಿಟೀಲಿನ ಖಾಲಿ ಪೆಟ್ಟಿಗೆಯೊಂದು ಸಾಲಿನಿಂದ ಸಾಲಿಗೆ ಹೋಗುತ್ತದೆ, ಒಬ್ಬೊಬ್ಬರೂ ಒಂದು ಹಿಡಿ ಅಕ್ಕಿ ಹಾಕುತ್ತಾರೆ, ಕೊನೆಗೆ ಕೊಬ್ಬರಿ ಬಟ್ಟಲು, ರವಿಕೆ ಕಣ. ಮೇಷ್ಟ್ರು ಪೆಟ್ಟಿಗೆ ಮುಚ್ಚುವಾಗ ಕಣ್ಣೊರೆಸಿಕೊಳ್ಳುವುದನ್ನು ನಾವು ಕಂಡೂ ಕಾಣದ ಹಾಗೆ ಇರುತ್ತಿದ್ದೆವು.

ಈ ಸಲ ಮೇಷ್ಟ್ರ ಬಾವಿ ಬತ್ತಿತು. ಕಟ್ಟಿದ್ದೆಲ್ಲ ಕೊಟ್ಟು ಕೊಟ್ಟು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಕಂಪನಿಯವರಿಂದ ದಿನ ಗೊತ್ತಾಗಿ ಬಂದಿತ್ತು, ಸಭಾದ ಅಧ್ಯಕ್ಷರಾದ ನಂಜರಾಜಯ್ಯನವರು ದಿನಾ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಮೇಷ್ಟ್ರ ಕಿವಿಗೆ ನನ್ನ ತಮ್ಮ ಮರಿಸ್ವಾಮಿ ಬಿದ್ದ.

ಮರಿಸ್ವಾಮಿ ಮೊದಲು ಮದುವೆ ಬ್ಯಾಂಡಿನಲ್ಲಿದ್ದವನು. ಕೆಂಪು ಕೋಟು ಹಾಕಿಕೊಂಡು, ಮೆರವಣಿಗೆಯ ಮುಂದೆ ನಡೆಯುತ್ತ ಕ್ಲಾರಿನೆಟ್ ಊದುವ ಕೆಲಸ. ನಮ್ಮ ಕೇರಿಯವರ ವಾದ್ಯವೆಲ್ಲ ನಿಂತು ನುಡಿಸುವುದು, ಇಲ್ಲ ನಡೆದು ನುಡಿಸುವುದು. ಸಭಾದ ಕ್ಲಾರಿನೆಟ್ಟಿನವರು ಪಾರ್ಶ್ವವಾಯು ಬಡಿದು ಮಲಗಿದಾಗ ಬೇರೆ ದಾರಿ ಕಾಣದೆ ಇವನನ್ನು ಕರೆದರು, ಕುರ್ಚಿ ಕೊಟ್ಟರು. ಒಂದು ದಿನ ಅಭ್ಯಾಸದ ನಡುವೆ ಬಿಡುವಿನಲ್ಲಿ ಇವನು ಸುಮ್ಮನೆ ಕೂತು ನಮ್ಮ ಕೇರಿಯ ಜೋಗುಳವನ್ನು ಊದಿಕೊಳ್ಳುತ್ತಿದ್ದನಂತೆ. ಮೇಷ್ಟ್ರು ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟರಂತೆ.

ಲೋಕದಲ್ಲಿ ಜೋಗುಳ ಮೆಲ್ಲಗಿರುತ್ತದೆ. ನಮ್ಮದು ಜೋರು. ದೊಡ್ಡಮನೆಯವರ ಗದ್ದೆಯಲ್ಲಿ ನಾಟಿ ಹಾಕುವ ತಾಯಿ ಕೂಸು ಅತ್ತರೆ ಏಳುವ ಹಾಗಿರಲಿಲ್ಲ. ಕೂಸು ಆಚೆ ಬದುವಿನ ಹೊಂಗೆಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ, ತಾಯಿ ಈಚೆ ಮೊಣಕಾಲುದ್ದ ಕೆಸರಿನಲ್ಲಿ. ಬಗ್ಗಿದ ಬೆನ್ನಿನಲ್ಲೇ ದನಿ ಎತ್ತಬೇಕು, ಅದು ಗದ್ದೆ ದಾಟಿ ಜೋಲಿಯೊಳಗೆ ಇಳಿಯಬೇಕು. ಹಾಗಾಗಿ ನಮ್ಮ ಜೋಗುಳದ ಸಾಲು ಮೇಲಕ್ಕೆ ಹೋಗಿ, ಅಲ್ಲೇ ನಡುಗುತ್ತ ನಿಂತು, ಎಷ್ಟೋ ಹೊತ್ತಾದ ಮೇಲೆ ಇಳಿಯುತ್ತದೆ. ಅವ್ವ ನಮ್ಮಿಬ್ಬರನ್ನೂ ಮುಟ್ಟದೆ ಮಲಗಿಸಿದ್ದು ಅದರಿಂದಲೇ. ನನ್ನ ಮಡಿಲ ಕೂಸೂ ಅದಿಲ್ಲದೆ ಕಣ್ಣು ಮುಚ್ಚುವುದಿಲ್ಲ.

ಮರಿಸ್ವಾಮಿ ಮನೆಗೆ ಬಂದು ಸುದ್ದಿ ಹೇಳಿದ ದಿನ ಅವ್ವ ರಾಗಿ ಕೇರುತ್ತಿದ್ದಳು. ಕಛೇರಿಯ ಕೊನೆಯಲ್ಲಿ ನಮ್ಮ ಜೋಗುಳ ಬರುತ್ತದೆ, ಮೊದಲು ತಾನೊಬ್ಬನೇ ಊದಬೇಕು, ಹಿಂದೆ ಪಿಟೀಲುಗಳೆಲ್ಲ ಎದ್ದು ಬರುತ್ತವೆ ಎಂದ. ಪರಊರಿನ ಜನ ಕೇಳಿ ಬೆರಗಾಗುತ್ತಾರೆ, ಕೇರಿಗೆ ಹೆಸರು ಬರುತ್ತದೆ ಎಂದ. ಅವ್ವನ ಸೋಬಾನೆಯಿಂದ ಯಾರಿಗೆ ಹೆಸರು ಬಂತು ಎಂದು ನಾನು ಕೇಳಿದೆ. ಅವನು ಅವ್ವನ ಕಡೆ ತಿರುಗಿದ.

"ಅವ್ವಾ, ಕುರ್ಚಿ ಮೇಲೆ ಕೂತ್ಕಂಡು ಊದ್ತೀನಿ ಕಣವ್ವ," ಅಂದ. "ನಮ್ಮಪ್ಪ ಕೂತಿದ್ನಾ? ಅವರಪ್ಪ ಕೂತಿದ್ನಾ? ಈಗ ಆಗಕಿಲ್ಲ ಅಂದ್ರೆ ನಾಳಿಕೆ ಮತ್ತೆ ಕೆಂಪು ಕೋಟು."

ಅವ್ವ ಮೊರ ಕೆಳಗಿಟ್ಟಳು. "ಕೂತ್ಕ ಮಗ, ಬ್ಯಾಡ ಅಂದೋರ್ಯಾರು. ಆದ್ರೆ ಸೋಬಾನೆ ಹೋಯ್ತು, ಮದುವೆ ನಿಲ್ಲನಿಲ್ಲ. ಜೋಗುಳ ಹೋದ್ರೆ ಕೂಸು ಮಲಗ್ತದಾ ಅಂತ ನಿನ್ ಸಭಾದೋರ್ನ ಒಂದ್ ಮಾತು ಕೇಳ್ಕಂಡು ಬಾ."

ಅವನು ಕೇಳಿಕೊಂಡು ಬರಲಿಲ್ಲ. ಅವ್ವ ಮತ್ತೆ ಆ ಮಾತೆತ್ತಲಿಲ್ಲ. ನಾನು ಮಾತ್ರ ಕೂಸಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಜೋಗುಳ ಹೇಳತೊಡಗಿದೆ, ಬರಗಾಲಕ್ಕೆ ಮೊದಲೇ ಹೊಟ್ಟೆ ತುಂಬಿಸುವ ಹಾಗೆ.

ಇಲ್ಲಿ ನಂಜರಾಜಯ್ಯನವರ ನಾಲಿಗೆಯ ವಿಷಯ ಹೇಳಬೇಕು. ನಾಲಿಗೆಯನ್ನು ಮೇಲಂಗುಳಕ್ಕೆ ಒತ್ತಿ, ಒಂದು ಕಡೆಯಿಂದ ಎಳೆದು ಬಿಟ್ಟರೆ ಟ್ಟಕ್ ಎನ್ನುತ್ತದೆ. ಎತ್ತು ಹೊಡೆಯುವಾಗ ಮಾಡುತ್ತಾರಲ್ಲ, ಅದೇ. ದೊಡ್ಡಮನೆಯಿರುವ ಮೇಲುಪೇಟೆಯವರು ನಮ್ಮನ್ನು ಕರೆಯುವುದೂ ಅದರಿಂದಲೇ. ಹೆಸರಿಲ್ಲ, ಏ ಇಲ್ಲ, ಬಾರೋ ಇಲ್ಲ. ಏ ಎನ್ನುವುದು ಅವರವರ ಮಕ್ಕಳಿಗೆ. ಜಗುಲಿಯ ಮೇಲಿಂದ ಟ್ಟಕ್ ಎಂದರೆ ಸಾಕು, ಬೀದಿಯಲ್ಲಿ ಹೋಗುತ್ತಿರುವ ನಮ್ಮ ಕೇರಿಯವರ ಕತ್ತು ತಾನಾಗಿಯೇ ತಿರುಗುತ್ತದೆ. ನಮ್ಮಪ್ಪನ ಕತ್ತು ಸಾಯುವ ಹೊತ್ತಿಗೆ ಬಲಕ್ಕೇ ವಾಲಿತ್ತು, ದೊಡ್ಡಮನೆ ಅವನ ದಾರಿಗೆ ಬಲಗಡೆ ಇದ್ದುದರಿಂದ. ಗುಂಡಿಯಲ್ಲಿ ಇಳಿಸುವಾಗಲೂ ನೆಟ್ಟಗಾಗಲಿಲ್ಲ. ಕೇರಿಯ ಓದಿನ ಕೂಟದಲ್ಲಿ ಒಂದು ಸಲ ಇದರ ಬಗ್ಗೆಯೇ ದಿನವಿಡೀ ವಾದ ಮಾಡಿ, ಇನ್ನು ಮುಂದೆ ಯಾರೂ ತಿರುಗಕೂಡದು ಎಂದು ತೀರ್ಮಾನ ಬರೆದೆವು. ಮಾರನೆಯ ದಿನ ಟ್ಟಕ್ ಎಂದಾಗ ತೀರ್ಮಾನ ಬರೆದವನ ಕತ್ತೇ ಮೊದಲು ತಿರುಗಿತು. ಪಾಪ, ಅವನು ಅತ್ತುಬಿಟ್ಟ. ತಿರುಗುವುದು ಬುದ್ಧಿಯಲ್ಲಿದ್ದಿದ್ದರೆ ಬುದ್ಧಿ ಹೇಳಬಹುದಿತ್ತು. ಅದು ಇದ್ದದ್ದು ಕತ್ತಿನಲ್ಲಿ.

ಕಛೇರಿ ಭಾನುವಾರ ಮಧ್ಯಾಹ್ನ. ಕೂಸನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟು ನಾನೂ ಅವ್ವನೂ ಹೋದೆವು. ಹೋಗುವುದು ಬೇಡವೆಂದು ನಾನು ಹಟ ಹಿಡಿದಿದ್ದೆ. ಕಳುವಾಗುವುದನ್ನು ಕಣ್ಣಾರೆ ನೋಡಬೇಕು, ಆಗ ಯಾರ ಕೈ ಎಂದಾದರೂ ಗೊತ್ತಿರುತ್ತದೆ ಎಂದು ಅವ್ವನ ವಾದ. ಮೇಲುಪೇಟೆಯವರಿಗೆ ಕುರ್ಚಿ. ನಮಗೆ ಬಾಗಿಲ ಬಳಿ, ಕಂಬಗಳ ಹಿಂದೆ, ಚಾಪೆ. ಪ್ರತಿ ಸಲ ದೀಪ ಹತ್ತುವ ಮೊದಲು ಕುರ್ಚಿಯವರಿಗೆಲ್ಲ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟರು. ನಮಗೆ ಬೊಗಸೆ ಒಡ್ಡಲು ಹೇಳಿ ಮೇಲಿಂದ ಸುರಿದರು. ನೀರು ಒಂದೇ ಕೊಳಗದ್ದು.

ನಂಜರಾಜಯ್ಯನವರು ನೀರು ತೆಗೆದುಕೊಳ್ಳಲಿಲ್ಲ. ಕಟ್ಟಳೆ ಬೇರೆಯವರ ಬಾಯಿಗೆ.

ಸುಳ್ಳು ಹೇಳಬಾರದು, ವಾದ್ಯವೃಂದ ನುಡಿಸಿದ್ದು ಚೆನ್ನಾಗಿತ್ತು. ಮೇಷ್ಟ್ರು ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಸಣ್ಣಪುಟ್ಟ ಧಾಟಿಗಳನ್ನು ಹೆಕ್ಕಿ ತಂದಿದ್ದರು, ಹೋದರೆ ಹೋಗಲಿ ಎನ್ನುವಂಥವು. ಆದರೂ ಪಿಟೀಲಿನ ಕಮಾನುಗಳೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಾಗ ನನಗೆ ನಾಟಿಯ ಸಾಲಿನಲ್ಲಿ ಹೆಂಗಸರ ಕೈಗಳು ಕಂಡವು. ಸೆಲ್ಲೋದ ದನಿ ಚಾಪೆಯ ಅಡಿಯಿಂದ ತೊಡೆಗೆ ಹತ್ತುತ್ತಿತ್ತು. ಒಂದೊಂದು ಮುಗಿದು ಕೆಂಪು ದೀಪ ಆರಿದಾಗಲೂ ತಲೆಯೊಳಗಿಂದ ಏನೋ ಎದ್ದು ನಡೆದುಹೋದ ಹಾಗಾಗುತ್ತಿತ್ತು. ಈಗಷ್ಟೇ ಕೇಳಿದ್ದನ್ನು ಗುನುಗಲು ಹೋದರೆ ಬರೀ ಗಾಳಿ. ಜನ ನೀರು ನುಂಗಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಬಾಯಿಗೆ ನೀರು ತುಂಬಿಕೊಂಡರು.

ಕೊನೆಯದಕ್ಕೆ ಮೊದಲು ಪಿಟೀಲಿನ ಪೆಟ್ಟಿಗೆ ಮಡಿಲಕ್ಕಿಗೆ ಹೊರಟಿತು. ಕುರ್ಚಿಯ ಸಾಲುಗಳನ್ನು ಮುಗಿಸಿ ನಮ್ಮ ಚಾಪೆಗೂ ಬಂತು. ನಮ್ಮ ಅಕ್ಕಿ ಆ ಪೆಟ್ಟಿಗೆಗೆ ಬೀಳುವುದಕ್ಕೆ ಯಾರ ಮಡಿಯೂ ಅಡ್ಡ ಬರುವುದಿಲ್ಲ, ಗಮನಿಸಿ. ಪೆಟ್ಟಿಗೆ ಹಿಡಿದಿದ್ದ ಮೇಲುಪೇಟೆಯ ಹೆಂಗಸು, ಇದು ನಿಮ್ಮ ಕೇರಿಯದೇ ಅಂತೆ, ನೀನೇ ಮೊದಲು ಹಾಕಬೇಕಿತ್ತು ಎಂದು ಅವ್ವನಿಗೆ ಸಮಾಧಾನದಿಂದಲೇ ಹೇಳಿದಳು. ಅವ್ವ ಸೆರಗು ಸುತ್ತಿಕೊಂಡು ಕೈಯನ್ನು ಅದರೊಳಗೆ ಅಡಗಿಸಿದಳು.

"ನಾನ್ ಕೊಟ್ಟಿಲ್ಲ ಕಣ್ರವ್ವ," ಅಂದಳು. "ಕೊಡದ ಹೆಣ್ಣಿಗೆ ಮಡಿಲು ಯಾರ್ ತುಂಬ್ತರೆ?"

ಪೆಟ್ಟಿಗೆ ನಮ್ಮ ಚಾಪೆಯಿಂದ ಒಂದು ಕಾಳೂ ಇಲ್ಲದೆ ವಾಪಸ್ ಹೋಯಿತು. ವೇದಿಕೆಯ ಮೇಲಿಂದ ಮರಿಸ್ವಾಮಿ ಅದನ್ನು ನೋಡಿದ. ಕುರ್ಚಿಯಲ್ಲಿ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಚೆನ್ನಾಗಿ ಕಾಣುತ್ತಿದ್ದ, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು. ಎದೆ ಹಾಲು ತುಂಬಿ ಕಟ್ಟಿತ್ತು. ಮನೆಯಲ್ಲಿ ಕೂಸು ಎದ್ದಿರಬೇಕು, ಪಕ್ಕದ ಮನೆಯವಳು ಜೋಗುಳ ಶುರು ಮಾಡಿರಬೇಕು, ಅದು ನಡುವೆಯೇ ಅವಳ ಬಾಯಲ್ಲಿ ನಿಂತುಹೋದರೆ ಅವಳಿಗೆ ಏನು ಅನ್ನಿಸಬಹುದು ಎಂದು ಯೋಚಿಸುತ್ತ ನಾನು ನೀರನ್ನು ಬಾಯಿಗೆ ಹಾಕಿಕೊಂಡೆ.

ಕೆಂಪು ದೀಪ ಹತ್ತಿತು. ಮೇಷ್ಟ್ರು ಕೈಕೋಲು ಎತ್ತಿದರು. ಮರಿಸ್ವಾಮಿ ಕ್ಲಾರಿನೆಟ್ಟನ್ನು ತುಟಿಗಿಟ್ಟ.

ಅಷ್ಟರಲ್ಲಿ ಅವ್ವ ಎದ್ದು ನಿಂತಳು. ಬಾಯಿ ತುಂಬ ನೀರು, ಕೆನ್ನೆ ಎರಡೂ ಉಬ್ಬಿವೆ, ಮಾತಾಡುವ ಹಾಗಿಲ್ಲ. ಕಂಬಕ್ಕೆ ಕೈ ಕೊಟ್ಟುಕೊಂಡು ಸುಮ್ಮನೆ ನಿಂತಳು. ಕುರ್ಚಿಯವರಿಗೆ ಅವಳು ಕಾಣಳು, ಅವರ ಬೆನ್ನಿಗಿದ್ದಳು. ವೇದಿಕೆಯ ಮೇಲಿದ್ದವನಿಗೆ ಕಂಡಳು. ಮರಿಸ್ವಾಮಿಯ ಕೆನ್ನೆಯಲ್ಲಿ ಗಾಳಿ ತುಂಬಿತ್ತು, ಅದು ಹೊರಗೆ ಬರಲಿಲ್ಲ. ತಾಯಿ ಮಗ ಇಬ್ಬರೂ ಕೆನ್ನೆ ಉಬ್ಬಿಸಿಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಮೇಷ್ಟ್ರ ಕೋಲು ಗಾಳಿಯಲ್ಲೇ ಇದೆ. ಕಂಪನಿಯವರ ಟೇಪು ಸದ್ದಿಲ್ಲದೆ ಸುತ್ತುತ್ತಿದೆ. ಸಭಾಂಗಣದಲ್ಲಿ ಒಂದು ಸೂಜಿ ಬಿದ್ದರೂ ಜನ್ಮಕ್ಕೆ ಆ ಸೂಜಿ ಸದ್ದು ಮಾಡುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ನಂಜರಾಜಯ್ಯನವರು ಕಾದರು. ಕಾದು ಅಭ್ಯಾಸವಿಲ್ಲದ ಮನುಷ್ಯ. ನಮ್ಮವನೊಬ್ಬ ಕೆಲಸ ನಿಲ್ಲಿಸಿ ನಿಂತಿದ್ದಾನೆ ಎಂದರೆ ಅವರ ನಾಲಿಗೆ ಅವರನ್ನು ಕೇಳುವುದಿಲ್ಲ. ಕೇಳಲಿಲ್ಲ.

ಟ್ಟಕ್.

ನಮ್ಮ ಚಾಪೆಯ ಮೇಲಿದ್ದ ಕತ್ತುಗಳೆಲ್ಲ ಒಟ್ಟಿಗೆ ಆ ಕಡೆ ತಿರುಗಿದವು. ಮರಿಸ್ವಾಮಿಯದೂ ತಿರುಗಿತು. ನನ್ನದು ತಿರುಗಿ, ನಡುದಾರಿಯಲ್ಲಿ ನಿಂತಿತು. ಹಿಂಗತ್ತಿನಲ್ಲಿ ಬಿಗಿದಿದ್ದ ಹುರಿಯೊಂದು ಕಡಿದು ಬಿದ್ದ ಹಾಗಾಯಿತು. ಇಂಥ ಹುರಿಯೊಂದು ಅಲ್ಲಿತ್ತು ಎಂದು ತಿಳಿದದ್ದೇ ಅದು ಕಡಿದ ಮೇಲೆ.

ರೆಕಾರ್ಡಿಂಗಿನವನು ಕಿವಿಯ ಮೇಲಿದ್ದದ್ದನ್ನು ತೆಗೆದು ದೀಪ ಆರಿಸಿದ. ಹೊರಗಿನವನು, ನಮ್ಮ ಊರಿನ ಕಥೆ ಅವನಿಗೆ ಗೊತ್ತಿಲ್ಲ. "ಟಕ್ ಅಂತ ಏನೋ ಒಂದು ಬಂದ್ಬಿಡ್ತು ಸಾರ್. ಇದೇ ಕೊನೇ ಟೇಪು. ಪರವಾಗಿಲ್ಲ, ಅದರ ಮೇಲೇ ಇನ್ನೊಂದ್ಸಲ ನುಡಿಸ್ಬಿಡಿ, ಅಳಿಸಿಹೋಗುತ್ತೆ," ಅಂದ.

ನಂಜರಾಜಯ್ಯನವರು ಬಾಗಿಲ ಬಳಿ ನಿಂತಿದ್ದ ನಮ್ಮ ಕೇರಿಯವನ ಕಡೆ ನೋಡಿ ಬಾಗಿಲು ಮುಚ್ಚಲೆಂದು ನಾಲಿಗೆ ಎಳೆದರು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದರು. ಕೆನ್ನೆ ಒಳಕ್ಕೆ ಹೋಯಿತು, ಮೊಲೆ ಹುಡುಕುವ ಹಸುಗೂಸಿನ ಹಾಗೆ ತುಟಿ ಮುಂದಕ್ಕೆ ಬಂತು, ದನಿ ಮಾತ್ರ ಇಲ್ಲ. ಪಕ್ಕದ ಕುರ್ಚಿಯವರಿಗೆ ಅರ್ಥವಾಗಿ ಅವರೂ ಗುಟ್ಟಾಗಿ ಪ್ರಯತ್ನಿಸಿದರು. ನೋಡನೋಡುತ್ತ ಮೇಲುಪೇಟೆಯ ಸಾಲುಸಾಲಿನ ಕೆನ್ನೆಗಳೆಲ್ಲ ಒಳಗೆ ಹೊರಗೆ ಆಡತೊಡಗಿದವು. ಕಿಟಕಿಯಾಚೆ ದೊಡ್ಡಮನೆಯ ಗಾಡಿಯವನು ಎತ್ತುಗಳನ್ನು ನೆರಳಿಗೆ ಹೊಡೆಯಲು ಬಾಯಿ ಆಡಿಸುತ್ತಿದ್ದ, ಎತ್ತುಗಳು ಅವನನ್ನು ಮರುಕದಿಂದ ನೋಡುತ್ತ ಬಿಸಿಲಲ್ಲೇ ನಿಂತಿದ್ದವು.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಚಾಪೆಯ ಮೇಲೆ ಯಾರದೋ ಬಾಯಿಯ ನೀರು ಪಿಚಕಾರಿಯ ಹಾಗೆ ಹಾರಿತು, ಆಮೇಲೆ ಎಲ್ಲರದೂ. ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ದೀಪ ಆರಿತ್ತು, ಹಾಗಾಗಿ ಆ ನಗು ನಮ್ಮ ಹತ್ತಿರವೇ ಉಳಿದಿದೆ. ಓದಿನ ಕೂಟದಲ್ಲಿ ತೀರ್ಮಾನ ಬರೆದಿದ್ದವನು ಎರಡೂ ಕೈಯಲ್ಲಿ ತನ್ನ ಕತ್ತನ್ನು ಹಿಡಿದು ಅತ್ತಿತ್ತ ಆಡಿಸಿ ನೋಡುತ್ತಿದ್ದ, ಹೊಸ ಬಾಗಿಲಿನ ಕೀಲು ನೋಡುವ ಹಾಗೆ.

ಆದರೆ ಮುಗಿದಿರಲಿಲ್ಲ. ಅದು ಮೊದಲು ಹೊಳೆದದ್ದು ನಂಜರಾಜಯ್ಯನವರಿಗೆ. ನನ್ನ ಟ್ಟಕ್ ನನಗೆ ವಾಪಸ್ ಕೊಡಿ ಎಂದು ಹೊರಗಿನವನ ಮುಂದೆ ಅವರು ಕೇಳುವುದು ಹೇಗೆ? ಅದರಿಂದ ಏನು ಮಾಡುತ್ತೀರಿ ಎಂದು ಅವನು ಕೇಳಿದರೆ? ಆದರೆ ಕೇಳಬೇಕಾಗಿಯೂ ಇರಲಿಲ್ಲ. ಜೋಗುಳ ಆ ಟೇಪಿನ ಮೇಲೆ ಕೂತರೆ ಟ್ಟಕ್ ತಾನಾಗಿಯೇ ಅವರ ಬಾಯಿಗೆ ಬರುತ್ತಿತ್ತು. ಒಂದು ಹೋಗಬೇಕು, ಒಂದು ಬರಬೇಕು, ಎರಡಕ್ಕೂ ಮರಿಸ್ವಾಮಿಯ ಒಂದು ಉಸಿರು ಸಾಕು. ಹಾಲಿನಲ್ಲಿದ್ದ ಎಲ್ಲರಿಗೂ ಇದು ಗೊತ್ತಾಯಿತು. ನಗು ನಿಂತಿತು. ನಾನು ಅವ್ವನ ಸೆರಗು ಹಿಡಿದುಕೊಂಡೆ. ಅವಳೊಬ್ಬಳ ಬಾಯಲ್ಲಿ ಮಾತ್ರ ಇನ್ನೂ ನೀರಿತ್ತು.

ದೀಪ ಮತ್ತೆ ಹತ್ತಿಸಲು ರೆಕಾರ್ಡಿಂಗಿನವನು ಅವಸರ ಮಾಡಿದ, ಅವನಿಗೆ ರೈಲಿತ್ತು. ಮೇಷ್ಟ್ರು ಕೋಲೆತ್ತಲು ಹೋಗಿ, ಮರಿಸ್ವಾಮಿಯನ್ನು ನೋಡಿ, ಕೋಲನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡರು. ಮರಿಸ್ವಾಮಿ ಕ್ಲಾರಿನೆಟ್ಟಿನ ತುದಿಯಿಂದ ಜೊಂಡಿನ ಪಟ್ಟಿಯನ್ನು ಬಿಚ್ಚುತ್ತಿದ್ದ. ಅದನ್ನು ಅಂಗಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಜೇಬಿಗೆ ಹಾಕಿಕೊಂಡ. ಅದಿಲ್ಲದೆ ಕ್ಲಾರಿನೆಟ್ಟು ಒಲೆ ಊದುವ ಕೊಳವೆ.

ನಂಜರಾಜಯ್ಯನವರು ವೇದಿಕೆಯ ಅಂಚಿಗೆ ಬಂದರು. ಅಭ್ಯಾಸ, ನಾಲಿಗೆ ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಸುಮ್ಮನೆ ಇಳಿಯಿತು. ಏ ಎಂದರು. ಮರಿಸ್ವಾಮಿ ತಲೆ ಎತ್ತಲಿಲ್ಲ. ಬೇಕೆಂದೇ ಹಾಗೆ ಮಾಡಿದನೆಂದು ನನಗನ್ನಿಸುವುದಿಲ್ಲ, ಏ ಎಂದರೆ ತನ್ನನ್ನೇ ಎಂದು ಅವನಿಗೆ ಹೊಳೆದಿರಲಾರದು. ವಾಲಗದವನೇ ಎಂದರು. ಅದಕ್ಕೂ ಇಲ್ಲ. ಎಷ್ಟು ವರ್ಷ ಅವನು ಅವರ ಮನೆಯ ಮದುವೆಗಳ ಮುಂದೆ ಊದಿಕೊಂಡು ನಡೆದಿದ್ದ. ಕೊನೆಗೆ ಅವರು ಮೇಷ್ಟ್ರ ಕಡೆ ಬಾಗಿ ತಗ್ಗಿದ ದನಿಯಲ್ಲಿ, ಇವನ ಹೆಸರೇನು ಎಂದು ಕೇಳಿದರು. ಮೇಷ್ಟ್ರು ಹಾಲಿಗೆಲ್ಲ ಕೇಳುವ ಹಾಗೆ ಹೇಳಿದರು.

ನಂಜರಾಜಯ್ಯನವರ ಬಾಯಿ ಆ ಹೆಸರನ್ನು ಮೊದಲ ಸಲ ಸುತ್ತಿಕೊಂಡಿತು, ಕಂಡರಿಯದ ಪದಾರ್ಥವನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡ ಹಾಗೆ.

"ಮರಿಸ್ವಾಮಿ," ಎಂದರು. ಆಮೇಲೆ, "ಮರಿಸ್ವಾಮಿ, ನುಡಿಸು."

ಆಗ ಅವನ ಕತ್ತು ತಿರುಗಿತು. ನಿಧಾನವಾಗಿ, ತನ್ನ ಪಾಡಿಗೆ ತಾನು. ಅವರನ್ನು ನೋಡಿದ, ಅವರ ಹಿಂದೆ ದೂರದಲ್ಲಿ ಕಂಬದ ಬಳಿ ನಿಂತಿದ್ದ ಅವ್ವನನ್ನು ನೋಡಿದ. ಅವ್ವನ ಗಂಟಲಲ್ಲಿ ನೀರು ಇಳಿದದ್ದು ನನಗೆ ಕೇಳಿಸಿತು. ದೊಡ್ಡಮನೆಯವರು ಮಾತಾಡಿಸಿದರೆ ನಮ್ಮವರು ಎದ್ದು ನಿಲ್ಲಬೇಕು. ಮರಿಸ್ವಾಮಿ ಕುರ್ಚಿಗೆ ಬೆನ್ನು ಕೊಟ್ಟು ಇನ್ನಷ್ಟು ಚೆನ್ನಾಗಿ ಕೂತ.

"ಊದಕಿಲ್ಲ," ಅಂದ.